ಬಗ್ಯಾಸ್ ತಿರುವು

ಟಿಕ್.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೊಮ್ಮೆ, ಟಿಕ್.

ಅಂದು ಅಮಾವಾಸ್ಯೆ, ನೇಕಾರರಿಗೆ ರಜೆ. ಬನಹಟ್ಟಿಯ ನಮ್ಮ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಬೇರೆ ದಿನವಾಗಿದ್ದರೆ ಅಷ್ಟು ಸಣ್ಣ ಸದ್ದು ನನ್ನ ಕಿವಿಗೆ ಬೀಳುತ್ತಿರಲಿಲ್ಲ. ನನ್ನ ನಿದ್ದೆ ಮೊದಲಿನಿಂದಲೂ ತೆಳು. ಮರುದಿನ ಗಂಡ ಕಾರ್ ರೇಸಿಗೆ ಇಳಿಯುವವನಿದ್ದಾಗ ಅಷ್ಟೂ ಇರಲಿಲ್ಲ. ಸಂಜಯ ಮಾತ್ರ ಗೋಡೆಗೆ ಮುಖ ಮಾಡಿ ಗಾಢವಾಗಿ ಮಲಗಿದ್ದ.

ಸದ್ದು ಹಿತ್ತಲಿನ ಶೆಡ್ಡಿನಿಂದ ಬರುತ್ತಿತ್ತು. ಅದೇನೆಂದು ನನಗೆ ಗೊತ್ತಿತ್ತು. ಆ ಹಳೆಯ ಕಾರಿನಲ್ಲಿ ಪೆಟ್ರೋಲನ್ನು ಟಾಂಕಿಯಿಂದ ಎಂಜಿನ್ನಿಗೆ ಎಳೆದುಕೊಡುವ ಒಂದು ಸಣ್ಣ ವಿದ್ಯುತ್ ಪಂಪ್ ಇದೆ. ಕೀಲಿ ತಿರುಗಿಸಿದ ಕೂಡಲೇ ಪಟಪಟ ಬಡಿದು, ಪೆಟ್ರೋಲ್ ತುಂಬಿದ ಮೇಲೆ ಸುಮ್ಮನಾಗುತ್ತದೆ. ಕೀಲಿಯನ್ನು ಹಾಗೇ ಬಿಟ್ಟರೆ ಆಗೊಮ್ಮೆ ಈಗೊಮ್ಮೆ ಹೀಗೆ ಒಂದೊಂದೇ ಟಿಕ್. ಬೆಳಗಿನವರೆಗೆ ಬಿಟ್ಟರೆ ಬ್ಯಾಟರಿ ಖಾಲಿ.

ಮೊಬೈಲಿನ ಬೆಳಕು ಹಿಡಿದು ಹೋದೆ. ಶೆಡ್ಡಿನ ಬಾಗಿಲಿಗೆ ಚಿಲಕ ಹಾಕಿತ್ತು. ಒಳಗೆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪ ಉರಿಯುತ್ತಿತ್ತು. ಕೀಲಿ ತಿರುಗಿಸಿ ಆರಿಸಿದೆ. ಬಾನೆಟ್ಟನ್ನು ಬಿಗಿಯುವ ಚರ್ಮದ ಬೆಲ್ಟು ಒಂದು ಬದಿಗೆ ಬಿಚ್ಚಿಕೊಂಡಿತ್ತು. ಅದನ್ನೂ ಬಿಗಿದು, ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿದೆ. ಸಂಜಯ ಮರೆತಿರಬೇಕು ಎಂದುಕೊಂಡೆ. ಬೆಳಿಗ್ಗೆ ಹೇಳಿದರೆ ತನ್ನ ಮೇಲೆ ತಾನೇ ಸಿಟ್ಟಾಗುತ್ತಾನೆ, ರೇಸಿನ ದಿನ ಅದು ಬೇಡ ಎಂದು ಹೇಳಲಿಲ್ಲ.

ಕಾರಿನ ವಿಷಯ ಸ್ವಲ್ಪ ಹೇಳಬೇಕು. ಹಸಿರು ಬಣ್ಣದ, ಎರಡೇ ಸೀಟಿನ, ಮೇಲೆ ಚಾವಣಿ ಇಲ್ಲದ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ನಮ್ಮಿಬ್ಬರಿಗಿಂತಲೂ ವಯಸ್ಸಿನಲ್ಲಿ ದೊಡ್ಡದು. ಗಲಗಲಿಯ ರೈತರೊಬ್ಬರ ದನದ ಕೊಟ್ಟಿಗೆಯಲ್ಲಿ ಒಣ ಜೋಳದ ಕಣಿಕೆಯ ಕೆಳಗೆ ಬಿದ್ದಿದ್ದನ್ನು ಸಂಜಯ ಕಬ್ಬಿನ ಟ್ರೇಲರಿನಲ್ಲಿ ಹೇರಿಸಿಕೊಂಡು ತಂದಿದ್ದ. ಅವನು ನೇಕಾರರ ಸಂಘದಲ್ಲಿ ಮ್ಯಾನೇಜರ್. ಆಮೇಲಿನ ಅವನ ಭಾನುವಾರಗಳೆಲ್ಲ ಶೆಡ್ಡಿನಲ್ಲೇ ಕಳೆದವು. ನಾನು ಕಾಲೇಜಿನಲ್ಲಿ ಲೈಬ್ರರಿಯನ್. ಪುಸ್ತಕ ತರಿಸಿಕೊಟ್ಟೆ, ಟಾರ್ಚ್ ಹಿಡಿದೆ, ಎಂಜಿನ್ನಿನ ಸದ್ದುಗಳನ್ನು ಕಲಿತೆ. ಮೆಚ್ಚಿ ಕಲಿತದ್ದಲ್ಲ, ಏನು ಕೆಡುತ್ತಿದೆ ಎಂದು ಮೊದಲೇ ತಿಳಿದರೆ ನನಗೆ ಸಮಾಧಾನ.

ಶೆಡ್ಡು ಸಂಜಯನೊಬ್ಬನದಲ್ಲ. ಅಣ್ಣ ಹುಲೆಪ್ಪನದೂ ಹೌದು. ಭಾವನಿಗೆ ಅಲ್ಲಿ ಎರಡು ಪವರ್‌ಲೂಮ್ ಹಾಕುವ ಆಸೆ. ರೇಸಿನ ಸುದ್ದಿ ಬಂದಾಗ ಊಟದ ಹೊತ್ತಿನಲ್ಲಿ ಮಾತು ತೆಗೆದರು.

“ತಮ್ಮಾ, ರೇಸ್ ಮುಗಿಯೂ ಮಟ ಇದು ಓಡಿದ್ರ ಶೆಡ್ ನಿಂದು. ನಡುವ ನಿಂತ್ರ ಮರುದಿನಾ ಮಗ್ಗ ತಂದು ಇಡಾಂವ ನಾ. ಆಮ್ಯಾಲ ಮಾರಿ ಸಣ್ಣ ಮಾಡಬ್ಯಾಡ.”

“ಆತಣ್ಣಾ,” ಎಂದ ಸಂಜಯ.

“ಬರೇ ಆತು ಅಂದ್ರ ಆಗೂದಿಲ್ಲ. ಯವ್ವನ ಮುಂದ ಹೇಳು.”

ಅತ್ತೆ ಶಿವವ್ವ ರೊಟ್ಟಿ ಮುರಿಯುತ್ತಾ, “ನನ್ನ ಮುಂದ ಯಾಕ? ಮಗ್ಗ ಬಂದ್ರೂ ನಾನ ಕಟ್ಟಬೇಕು, ಕಾರ್ ಉಳದ್ರೂ ನಾನ ಕಟ್ಟಬೇಕು,” ಎಂದರು.

ಅವರು ಹೇಳಿದ್ದು ಕರಿ ಉಣ್ಣೆಯ ದಾರದ ಮಾತು. ದೃಷ್ಟಿ ತಾಗಬಾರದೆಂದು ನಡುವೆ ಒಂದು ಕವಡೆ ಪೋಣಿಸಿ ಅತ್ತೆ ಅದನ್ನು ಮನೆಗೆ ಬಂದ ಪ್ರತಿಯೊಂದಕ್ಕೂ ಕಟ್ಟುತ್ತಾರೆ. ಕರುವಿನ ಕೊರಳಿಗೆ, ಮಗ್ಗದ ಕಾಲಿಗೆ, ಫ್ರಿಜ್ಜಿನ ಹಿಡಿಕೆಗೆ. ನಾನು ಕೆಲಸಕ್ಕೆ ಸೇರಿದಾಗ ನನ್ನ ಚೀಲದ ಜಿಪ್ಪಿಗೂ ಕಟ್ಟಿದ್ದರು. ಗಂಟು ಮಾತ್ರ ನೇಕಾರರದು. ಮಗ್ಗದಲ್ಲಿ ನೂಲು ಹರಿದಾಗ ಎರಡು ತುದಿ ಸೇರಿಸಿ ಹಾಕುತ್ತಾರಲ್ಲ, ಅದೇ. ಚಿಕ್ಕದು, ಚಪ್ಪಟೆ, ಎಳೆದಷ್ಟೂ ಬಿಗಿ. ಅತ್ತೆ ತವರಿನಲ್ಲಿ ಮಗ್ಗದ ಮುಂದೆ ಬೆಳೆದವರು. ಅವರ ಬೆರಳಿಗೆ ಬೇರೆ ಗಂಟು ಬರುವುದಿಲ್ಲ.

ರೇಸಿನ ಹಿಂದಿನ ದಿನ ಜಮಖಂಡಿಯ ಮೈದಾನವೊಂದರಲ್ಲಿ ಕಾರುಗಳ ತಪಾಸಣೆ ಇತ್ತು. ನಾವೆಲ್ಲ ಹೋಗಿದ್ದೆವು. ನೋಡಲು ಬಂದ ಜನ ಸುತ್ತ ನಿಂತಿದ್ದರು. ಸಂಜಯ ಬಾನೆಟ್ಟಿನ ಒಂದು ಬದಿ ಎತ್ತಿ, ತಾಯಿಗೆ ಕಾರ್ಬುರೇಟರಿನ ಪಕ್ಕದ, ಲಿವರಿನಂಥ ಸಣ್ಣ ಸನ್ನೆಯನ್ನು ತೋರಿಸಿದ.

“ಯವ್ವಾ, ಇದನ್ನ ನೋಡು. ಎಕ್ಸಲೇಟರ್ ತುಳದ್ರ ಇದು ಅಳ್ಳಾಡತೈತಿ. ಇದ ಇದರ ಜೀವ.” ಬೆರಳಿನಿಂದ ಒತ್ತಿದ. ಕಾರು ಗುಡುಗಿತು. ಅತ್ತೆ ಎದೆಗೆ ಕೈ ಇಟ್ಟುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಮುಂದೆ ಬಾಗಿ ಆ ಸನ್ನೆಯನ್ನು ಬಹಳ ಹೊತ್ತು ನೋಡಿದರು.

ತಪಾಸಣೆ ಮಾಡುವವರು ಬೆಳಗಾವಿಯ ಕ್ಲಬ್ಬಿನ ಶಿವಾಜಿ ಎಂಬುವರು. ಮುಂದಿನ ಬಂಪರಿನಲ್ಲಿ ಜೋತಾಡುತ್ತಿದ್ದ ನಿಂಬೆಹಣ್ಣು, ಮೆಣಸಿನಕಾಯಿ, ಕರಿ ದಾರ ನೋಡಿದರು.

“ಅಜ್ಜಿ, ರೇಸ್ ಗಾಡಿಗೆ ಏನೂ ಕಟ್ಟಿರಬಾರದ್ರಿ. ಕಟ್ಟಿದ್ದು ಸಿಕ್ರ ಗಾಡಿ ಹೊರಗ. ನಿಯಮ ಐತಿ.”

“ನಿಮ್ಮ ನಿಯಮಕ್ಕ ಕಣ್ಣು ಹತ್ತೂದಿಲ್ಲೇನ್ರಿ?”

ಜನ ನಕ್ಕರು. ಸಂಜಯನಿಗೆ ನಾಚಿಕೆಯಾಗಿರಬೇಕು. ತಾನೇ ದಾರ ಕಿತ್ತು ತಾಯಿಯ ಕೈಯಲ್ಲಿ ಹಾಕಿ, “ಇದೇನು ತೆರೆಬಂಡಿ ಸ್ಪರ್ಧಾಕ ಬಿಡೂ ಎತ್ತೇನ ಯವ್ವಾ?” ಎಂದ. ಜನ ಇನ್ನಷ್ಟು ನಕ್ಕರು. ಅತ್ತೆ ದಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡರು.

ರೇಸು ನಡೆದದ್ದು ಮುಧೋಳದ ಆಚೆ, ಹಂಗಾಮು ಮುಗಿಸಿ ಬಾಗಿಲು ಹಾಕಿದ್ದ ಒಂದು ಸಕ್ಕರೆ ಕಾರ್ಖಾನೆಯ ಆವರಣದಲ್ಲಿ. ಕಬ್ಬಿನ ಟ್ರ್ಯಾಕ್ಟರುಗಳು ಸಾಲು ನಿಲ್ಲುವ ಸುತ್ತು ರಸ್ತೆಯೇ ಹಾದಿ. ಬೆಳಗಿನಿಂದ ಮಧ್ಯಾಹ್ನದವರೆಗೆ ಆರು ತಾಸು ಓಡಿಸಬೇಕು, ನಡುನಡುವೆ ಪೆಟ್ರೋಲಿಗೆ ಮತ್ತು ವಿಶ್ರಾಂತಿಗೆ ನಿಲ್ಲಬೇಕು. ಹೆಚ್ಚು ಸುತ್ತು ಹಾಕಿದವರಿಗೆ ಬಹುಮಾನ. ಪುಣೆ, ಕೊಲ್ಲಾಪುರದಿಂದ ಬಂದವರಿಗೆ ಅದರ ಆಸೆಯಿತ್ತು. ಸಂಜಯ ಈ ಹಿಂದೆ ಯಾವ ರೇಸಿನಲ್ಲೂ ಓಡಿಸಿದವನಲ್ಲ. ಅವನಿಗೆ ಬೇಕಾಗಿದ್ದುದು ಕೊನೆಯ ಬಾವುಟ ಬೀಳುವಾಗ ಕಾರು ಓಡುತ್ತಿರುವುದು, ಅಷ್ಟೇ.

ನಸುಕಿನಲ್ಲೇ ಮಹಾಲಿಂಗಪುರದ ಮೇಲೆ ಹಾಯ್ದು ಹೋದೆವು. ಹೊರಡುವ ಮೊದಲು ಸಂಜಯ ಬಾನೆಟ್ ಎತ್ತಿ ಆಯಿಲ್ ನೋಡಿದ. ಆ ಕಾರಿನ ಬಾನೆಟ್ ನಡುವೆ ಮಡಚಿ ಎರಡೂ ಬದಿಗೆ ತೆರೆಯುತ್ತದೆ. ಆಯಿಲ್ ನೋಡುವ ಬದಿ ಬೇರೆ, ಕಾರ್ಬುರೇಟರ್ ಇರುವ ಬದಿ ಬೇರೆ. ಅಂದು ಎತ್ತಿದ್ದು ಒಂದೇ ಬದಿ.

ಹಾದಿಯ ತಿರುವುಗಳಿಗೆ ಜನರೇ ಹೆಸರಿಟ್ಟಿದ್ದರು. ತೂಕದ ಕಾಟಾದ ಹತ್ತಿರದ್ದು ಕಾಟಾ ತಿರುವು. ಕಬ್ಬು ಹಿಂಡಿದ ಮೇಲೆ ಉಳಿದ ಸಿಪ್ಪೆಯ ಗುಡ್ಡದ ಪಕ್ಕದ್ದು ಬಗ್ಯಾಸ್ ತಿರುವು. ನಮ್ಮ ಟೆಂಟು ಅದರ ಹತ್ತಿರವೇ. ಪೆಟ್ರೋಲಿಗೆ ಬಾ ಎಂದು ಬೋರ್ಡು ಎತ್ತಿ ತೋರಿಸುವುದು ನನ್ನ ಕೆಲಸ. ಹಗ್ಗದ ಆಚೆ ಜನರ ನಡುವೆ ಅತ್ತೆ ಛತ್ರಿ ಹಿಡಿದು ಕೂತಿದ್ದರು. ಪಕ್ಕದಲ್ಲಿ ಭಾವ. ತಿಮ್ಮಾಪುರದಿಂದ ಒಬ್ಬಾತ ತೆಳ್ಳಗಿನ ಎರಡು ಬೇಟೆ ನಾಯಿಗಳನ್ನೂ ಕರೆತಂದಿದ್ದ. ಮೈಕು ತೆರೆಬಂಡಿ ಸ್ಪರ್ಧೆಗಳಲ್ಲಿ ಕೂಗುವ ಪರಮಾನಂದನ ಕೈಯಲ್ಲಿತ್ತು. ಅವನಿಗೆ ಎತ್ತಾದರೂ ಒಂದೇ, ಕಾರಾದರೂ ಒಂದೇ.

“ಬಂತ್ ನೋಡ್ರೀ ಬನಹಟ್ಟಿ ಹಸರ ಗಿಣಿ! ಓಡೂದು ಕಡಿಮಿ, ಚಂದ ಭಾಳ!”

ನಾನು ಕಾರನ್ನು ನೋಡುವುದಕ್ಕಿಂತ ಹೆಚ್ಚಾಗಿ ಕೇಳುತ್ತಿದ್ದೆ. ಬಗ್ಯಾಸ್ ತಿರುವಿಗೆ ಬರುವಾಗ ಸಂಜಯ ಎಕ್ಸಲೇಟರಿನಿಂದ ಕಾಲು ತೆಗೆಯುತ್ತಿದ್ದ. ಸದ್ದು ಇಳಿಯುತ್ತಿತ್ತು, ಸೈಲೆನ್ಸರಿನಲ್ಲಿ ಒಂದೆರಡು ಸಣ್ಣ ಢಬ್, ಆಮೇಲೆ ತಿರುವು ದಾಟಿ ಮತ್ತೆ ಏರುತ್ತಿತ್ತು. ಸುತ್ತಿನಿಂದ ಸುತ್ತಿಗೆ ಅದೇ. ಬಿಸಿಲೇರಿತು. ಬೇರೆ ಎರಡು ಕಾರು ಕೆಟ್ಟು ನಿಂತವು. ಎರಡನೆಯ ಸಲ ಪೆಟ್ರೋಲಿಗೆ ಬಂದಾಗ ಸಂಜಯ ನೀರು ಕುಡಿದು, “ಅಣ್ಣಗ ಮಗ್ಗ ಇಡಾಕ ಬ್ಯಾರೆ ಜಾಗ ನೋಡ್ಕೋ ಅನ್ನು,” ಎಂದು ನಕ್ಕ.

ಅದಾಗಿ ಕೆಲವೇ ಸುತ್ತಿಗೆ, ಬಗ್ಯಾಸ್ ತಿರುವಿನಲ್ಲಿ ಸದ್ದು ಇಳಿಯಲಿಲ್ಲ.

ನೋಡುವ ಮೊದಲೇ ನಾನು ಎದ್ದು ಓಡುತ್ತಿದ್ದೆ. ಕಾರು ತಿರುಗದೆ ನೇರವಾಗಿ ಬಂದಿತು. ಸದ್ದು ಫಕ್ಕನೆ ನಿಂತಿತು, ಟಯರು ಕಿರುಚಿದವು, ಹಸಿರು ಮೂತಿ ಸಿಪ್ಪೆಯ ಗುಡ್ಡದೊಳಗೆ ಹೂತುಕೊಂಡಿತು. ಧೂಳೆದ್ದಿತು. ಗುಡ್ಡದ ಮೇಲಿನಿಂದ ಒಂದಷ್ಟು ಸಿಪ್ಪೆ ನಿಧಾನವಾಗಿ ಅವನ ಹೆಲ್ಮೆಟ್ಟಿನ ಮೇಲೆ ಜಾರಿತು.

“ಬನಹಟ್ಟಿ ಗಿಣಿ ಬಗ್ಯಾಸ್ ತಿನ್ನಾಕ ಹೋತ್ರೀ! ಯಾರೂ ಒಳಗ ಬರಬ್ಯಾಡ್ರಿ!”

ಎಲ್ಲರಿಗಿಂತ ಮೊದಲು ಅಲ್ಲಿಗೆ ತಲುಪಿದ್ದು ನಾನು. ಸಂಜಯ ಸ್ಟೀರಿಂಗ್ ಹಿಡಿದು ಹಾಗೇ ಕೂತಿದ್ದ. ಗಾಯವಿರಲಿಲ್ಲ.

“ಎಕ್ಸಲೇಟರ್ ಹಿಂದಕ ಬರಲಿಲ್ಲ, ಮಧು,” ಎಂದ. ತಗ್ಗಿದ ದನಿ, ನನಗಷ್ಟೇ ಕೇಳುವಂತೆ. “ಕಾಲು ತಗದ್ನಿ. ಅದು ಬರಲಿಲ್ಲ. ಕೀಲಿ ಬಂದ್ ಮಾಡಿದ್ನಿ.”

ನನಗೆ ಆಗ ಬೆಂಕಿಯ ಹೆದರಿಕೆ. ಒಣ ಸಿಪ್ಪೆ, ಕಾದ ಎಂಜಿನ್, ಎಲ್ಲಿಯಾದರೂ ಪೆಟ್ರೋಲ್ ಸೋರುತ್ತಿದ್ದರೆ? ಬೆಲ್ಟು ಬಿಚ್ಚಿ ಕಾರ್ಬುರೇಟರಿನ ಬದಿಯ ಬಾನೆಟ್ ಎತ್ತಿದೆ. ಪೆಟ್ರೋಲ್ ಸೋರಿರಲಿಲ್ಲ. ಸಂಜಯ ತಾಯಿಗೆ ತೋರಿಸಿದ್ದ ಆ ಸನ್ನೆ ಅರ್ಧ ತೆರೆದುಕೊಂಡೇ ನಿಂತಿತ್ತು. ಅದಕ್ಕೆ ಕರಿ ದಾರ ಸುತ್ತಿತ್ತು. ಎಣ್ಣೆ ಕುಡಿದು, ಕಾವಿಗೆ ಸಡಿಲಾಗಿ ಜಾರಿದ್ದ ದಾರದ ಕವಡೆ ಸನ್ನೆಯ ಸಂದಿನಲ್ಲಿ ಸಿಕ್ಕಿಕೊಂಡಿತ್ತು.

ಬೆರಳು ಸುಟ್ಟರೂ ಎಳೆದು ತೆಗೆದೆ. ಸನ್ನೆ ಟಕ್ಕನೆ ಹಿಂದೆ ಬಂತು.

ಗಂಟು ನೋಡಿದೆ. ಚಿಕ್ಕದು, ಚಪ್ಪಟೆ. ರಾತ್ರಿಯ ಕೆಂಪು ದೀಪ, ಬಿಚ್ಚಿದ ಬೆಲ್ಟು ಎರಡರ ಕಾರಣವೂ ಈಗ ತಿಳಿಯಿತು. ಕತ್ತಲಲ್ಲಿ ಬೆಳಕು ಬೇಕಾಗಿ, ಮಗ ತಿರುಗಿಸುವುದನ್ನು ನೋಡಿದ್ದ ಕೀಲಿಯನ್ನು ಅತ್ತೆಯೂ ತಿರುಗಿಸಿದ್ದಾರೆ. ಕಾರಿನ ಕೊರಳಿಗೆ ಕಟ್ಟಲು ಮಗ ಬಿಡಲಿಲ್ಲ, ಜೀವ ಎಲ್ಲಿದೆ ಎಂದು ಅವನೇ ತೋರಿಸಿದ್ದ, ಅಲ್ಲಿ ಕಟ್ಟಿದ್ದಾರೆ.

ದಾರ, ಕವಡೆ ಎರಡೂ ನನ್ನ ಮುಷ್ಟಿಯಲ್ಲಿದ್ದಾಗ ಶಿವಾಜಿಯವರ ಬೈಕು ಬಂತು. ಮೊದಲು ಸಂಜಯನ ಕಣ್ಣು, ಕೈಕಾಲು ನೋಡಿದರು. ಆಮೇಲೆ ಕೇಳಿದರು:

“ತಪ್ಪು ಗಾಡೀದೋ, ನಿಮ್ದೋ?”

ಸಂಜಯ ಹೆಲ್ಮೆಟ್ ಕಳಚಿ ತೊಡೆಯ ಮೇಲಿಟ್ಟುಕೊಂಡ.

“ಯಾಕ ಕೇಳ್ತೀನಿ ಅಂದ್ರ, ಎಕ್ಸಲೇಟರ್ ಹಿಡಕೊಂಡಿದ್ರ ಗಾಡಿ ಬಿಡಾಕ ಬರಂಗಿಲ್ರಿ. ಇಲ್ಲಿಗೆ ಆತು. ಕಾಲು ತಪ್ಪಿದ್ರ ಬ್ಯಾರೆ ಮಾತು.” ಬಾಗಿ ಸನ್ನೆಯನ್ನು ನಾಲ್ಕಾರು ಸಲ ಒತ್ತಿ ಬಿಟ್ಟರು. ಪ್ರತಿ ಸಲವೂ ಟಕ್ಕನೆ ಹಿಂದೆ ಬಂತು. “ಇದು ಛಲೋ ಐತಲ್ರಿ?”

ಮುಷ್ಟಿ ತೆರೆದರೆ ಕಾರಣ ಸಿಗುತ್ತಿತ್ತು. ಕಟ್ಟಿದ್ದು ಸಿಕ್ಕರೆ ಗಾಡಿ ಹೊರಗೆ, ಅದೂ ಹೇಳಿದ ಮೇಲೆ ಕಟ್ಟಿದ್ದು. ಶೆಡ್ಡು ಹೋಗುತ್ತಿತ್ತು. ಹೋದದ್ದು ಯಾರಿಂದ ಎಂಬುದೂ ಅಷ್ಟು ಜನರ ಎದುರಿಗೆ ಗೊತ್ತಾಗುತ್ತಿತ್ತು. ಹಗ್ಗದ ಆಚೆ ನೋಡಿದೆ. ಅತ್ತೆ ಛತ್ರಿ ಬಿಟ್ಟು ಎದ್ದು ನಿಂತಿದ್ದರು. ಎರಡೂ ಕೈಯಲ್ಲಿ ಹಗ್ಗ ಹಿಡಿದಿದ್ದರು.

ಸಂಜಯನ ಕೊರಳಪಟ್ಟಿಯ ಸಿಪ್ಪೆ ಕೊಡವುವಂತೆ ಬಾಗಿದೆ.

“ಇನ್ನ ಹಿಡಿಯಂಗಿಲ್ರಿ. ನಾ ನೋಡೇನಿ,” ಎಂದು ಅವನ ಕಿವಿಯಲ್ಲಿ ಅಂದೆ.

ಅವನು ನನ್ನ ಮುಖ ನೋಡಿದ. ಮುಚ್ಚಿದ ಕೈಯನ್ನೂ ನೋಡಿದನೋ ಏನೋ. ಆಮೇಲೆ ಶಿವಾಜಿಯವರತ್ತ ತಿರುಗಿದ.

“ಕಾಲು ತಪ್ಪಿತ್ರಿ. ಬ್ರೇಕ್ ಅಂತ ಹೇಳಿ ಎಕ್ಸಲೇಟರ್ ತುಳದ್ನಿ.”

“ಇಷ್ಟು ವರ್ಷ ಬಿಚ್ಚಿ ಕೂಡಿಸಿದ ಗಾಡಿ. ಪೆಡಲ್ ಮರತ್ರಿ?”

“ಮರತ್ನಿರಿ.”

ಶಿವಾಜಿಯವರು, ಮತ್ತೊಮ್ಮೆ ಹೀಗಾದರೆ ರೇಸಿನಿಂದ ಹೊರಹಾಕುವ ಕರಿ ಬಾವುಟ ತೋರಿಸುತ್ತೇನೆ ಎಂದು ಹೇಳಿ ಬಿಟ್ಟರು. ನಾಲ್ಕು ಜನ ಸೇರಿ ಕಾರನ್ನು ಹಿಂದಕ್ಕೆ ದಬ್ಬಿದೆವು. ಅಷ್ಟರಲ್ಲಿ ಮಾತು ಹಗ್ಗದ ಆಚೆ ಮುಟ್ಟಿತ್ತು.

“ಬ್ರೇಕ್ ಯಾವುದು, ಎಕ್ಸಲೇಟರ್ ಯಾವುದು ತಿಳೀದಾಂವ ಆರು ತಾಸು ಓಡಸ್ತಾನಂತ!” ಎಂದು ಭಾವ ಎಲ್ಲರಿಗೂ ಕೇಳುವಂತೆ ಅಂದರು.

ತಿಮ್ಮಾಪುರದಾತ, “ನಮ್ಮ ನಾಯಿ ಕಟ್ಟಿ ಎಳಸ್ರಿ. ಅವಕ್ಕ ಪೆಡಲ್ ಇಲ್ಲ,” ಎಂದ. ಪರಮಾನಂದ ಅದನ್ನು ಮೈಕಿನಲ್ಲಿ ಮತ್ತೊಮ್ಮೆ ಹೇಳಿದ.

ಸಂಜಯ ಅವರತ್ತ ಕೈ ಬೀಸಿ ಕಾರು ಹತ್ತಿದ.

ಮೊದಲ ಸುತ್ತಿನಲ್ಲಿ ಆ ತಿರುವಿಗೆ ಬಹಳ ನಿಧಾನ ಬಂದ. ದೂರದಿಂದಲೇ ಕಾಲು ತೆಗೆದಿದ್ದ. ಎರಡನೆಯ ಸುತ್ತಿನಲ್ಲೂ ಹಾಗೇ. ಮೂರನೆಯದರಲ್ಲಿ ಸದ್ದು ಎಂದಿನ ಜಾಗದಲ್ಲಿ ಇಳಿಯಿತು, ಢಬ್ ಎಂದಿತು, ಏರಿತು. ನನ್ನ ಒಂದು ಮಾತಿನ ಮೇಲೆ ಅವನು ಹಾಗೆ ಓಡಿಸುತ್ತಿದ್ದ. ಬೇರೆ ಏನಾದರೂ ಸಡಿಲಾಗಿದ್ದರೆ, ನಾನು ಕಾಣದ್ದು ಇದ್ದರೆ ಎಂದು ನಾನು ಮಾತ್ರ ಬೋರ್ಡನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದೆ. ಮಧ್ಯಾಹ್ನ ಬಾವುಟ ಬಿತ್ತು. ಕೊನೆಯಿಂದ ಎರಡನೆಯವನಾಗಿ ಸಂಜಯ ದಾಟಿದ. ಕಾರು ಓಡುತ್ತಿತ್ತು.

ಭಾವ ಬಂದು ಬಾನೆಟ್ಟಿನ ಮೇಲೆ ಕೈ ಇಟ್ಟು, ಸುಟ್ಟು ಹಿಂದೆಗೆದರು. “ತಗೋ ಮಾರಾಯಾ, ಶೆಡ್ ನಿಂದು. ಆದ್ರ ನನ್ನ ಮಾತ್ರ ಇದರಾಗ ಕುಂಡ್ರಸಬ್ಯಾಡ.”

ಅವರು ತಾಯಿಯನ್ನು ತಮ್ಮ ಜೀಪಿನಲ್ಲಿ ಕರೆದುಕೊಂಡು ಮುಂದೆ ಹೋದರು. ನಾನು, ಸಂಜಯ ಕಾರಿನಲ್ಲಿ. ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನ ಮುಂದೆ ಬೆಲ್ಲದ ಪೆಂಟೆ ಹೇರಿದ ಲಾರಿಯ ಹಿಂದೆ ನಿಂತಾಗ ಅವನು ಕೇಳಿದ.

“ಏನಿತ್ತು?”

“ಕಸ.”

“ಎಂಥಾ ಕಸ?”

“ಕಸ ಅಂದ್ರ ಕಸರಿ. ಹಾರಿ ಬಂದು ಕುಂತಿತ್ತು.”

ಲಾರಿ ಮುಂದೆ ಸರಿಯಿತು. ಅವನು ಮತ್ತೆ ಕೇಳಲಿಲ್ಲ. ಕಾಲು ಮಾತ್ರ ಪೆಡಲನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡುತ್ತಿತ್ತು. ಊರಿಗೆ ಬಂದಾಗ ಓಣಿಯ ಬಾಯಿಯಲ್ಲೇ ಒಬ್ಬರು, “ಏನ್ ಮ್ಯಾನೇಜರ್ ಸಾಹೇಬ್ರ, ಬ್ರೇಕ್ ಸಿಕ್ತೇನ್ರಿ?” ಎಂದರು. “ಸಿಕ್ತ್ರಿ, ನಡುವ ಇತ್ತು,” ಎಂದು ಸಂಜಯ ನಕ್ಕ. ಆ ಮಾತು ಇನ್ನು ಬಹಳ ದಿನ ಅವನ ಬೆನ್ನು ಬಿಡುವುದಿಲ್ಲ ಎಂದು ನನಗೆ ಗೊತ್ತಾಯಿತು.

ಅವನು ಸ್ನಾನಕ್ಕೆ ಹೋದ ಮೇಲೆ ಅತ್ತೆ ಆರತಿ ತಟ್ಟೆ ಹಿಡಿದು ಶೆಡ್ಡಿಗೆ ಬಂದರು. ನಾನು ಸೀಟಿನ ಸಂದಿಯ ಸಿಪ್ಪೆ ಗುಡಿಸುತ್ತಿದ್ದೆ.

“ಮಧೂ, ಆ ಬದೀದು ಎತ್ತು.”

ಬಾನೆಟ್ ಎತ್ತಿದೆ. ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಬಾಗಿ, ಸನ್ನೆಯ ಸುತ್ತ ಬೆರಳಾಡಿಸಿದರು. ಕೆಳಗೆ ತಡಕಿದರು. ಆಮೇಲೆ ನಿಧಾನವಾಗಿ ನೆಟ್ಟಗಾದರು. ಮುಖದಲ್ಲಿ ಗಾಬರಿ ಇರುತ್ತದೆಂದು ನಾನು ಕಾದಿದ್ದೆ. ಅವರು ನಗುತ್ತಿದ್ದರು.

“ಹೋಗೇತಿ.”

“ಏನತ್ತಿ?”

“ರಾತ್ರಿ ಕವಡಿ ಕಟ್ಟಿದ್ನೆವ್ವಾ ಇಲ್ಲಿ. ಹರಕೊಂಡು ಹೋಗೇತಿ. ಇಂವನ ಮ್ಯಾಲ ಬರೂದನ್ನ ತನ್ನ ಮ್ಯಾಲ ತಗೊಂಡು ಹೋಗೇತಿ ನೋಡು. ಇಲ್ಲಂದ್ರ ಆ ಪರಿ ಗುಡ್ಡಕ್ಕ ಹೊಡದಾಂವ ಹಂಗ ಎದ್ದು ಬರ್ತಿದ್ನೇನು?”

ನಾನು ಆರತಿಯ ದೀಪ ಆರದಂತೆ ಕೈ ಮರೆ ಮಾಡಿದೆ.

“ಅಂವನ ಮುಂದ ಆಡಬ್ಯಾಡ. ಮಂದ್ಯಾಗ ಕಿತ್ತು ಕೊಟ್ಟಾಂವ, ಮತ್ತ ಬೈತಾನ.”

“ಇಲ್ಲತ್ತಿ.”

“ಮುಂದಿನ ಸಲ ಎರಡು ಕಟ್ತೀನಿ.”

ಕಾರಿಗೆ ಆರತಿ ಎತ್ತಿ, ದೀಪಕ್ಕೆ ಒಡ್ಡಿದ ಕೈಯನ್ನು ಹೆಡ್‌ಲೈಟಿಗೆ ಸವರಿ, ತಟ್ಟೆ ತೆಗೆದುಕೊಂಡು ಅವರು ಒಳಗೆ ಹೋದರು. ಕವಡೆ ನನ್ನ ಕೈಚೀಲದಲ್ಲಿ ಲೈಬ್ರರಿಯ ಕೀಲಿಗಳ ಕೆಳಗಿತ್ತು. ಒಂದು ಅಂಚು ಚಕ್ಕೆ ಎದ್ದಿತ್ತು. ದಾರದಿಂದ ಇನ್ನೂ ಪೆಟ್ರೋಲಿನ ವಾಸನೆ ಬರುತ್ತಿತ್ತು.

ಸಂಜಯನಿಗೆ ಹೇಳಿದರೆ ಅವನ ಕಾಲಿನ ಮೇಲಿನ ಅಪವಾದ ಹೋಗುತ್ತದೆ, ತಾಯಿಯ ಮೇಲೆ ಬರುತ್ತದೆ. ಅತ್ತೆಗೆ ಹೇಳಿದರೆ ಅವರು ಇನ್ನು ಯಾವುದಕ್ಕೂ ಕಟ್ಟುವುದಿಲ್ಲ. ಕರುವಿಗೂ ಇಲ್ಲ, ನನ್ನ ಚೀಲಕ್ಕೂ ಇಲ್ಲ. ಒಳಗೆ ಸಂಜಯ ತಲೆಯ ಸಿಪ್ಪೆ ಹೋಗುತ್ತಿಲ್ಲ ಎಂದು ಶಾಂಪೂ ಕೇಳುತ್ತಿದ್ದ. ಯಾರಿಗೂ ಹೇಳಬಾರದು ಎಂದು ನಿರ್ಧರಿಸಿದೆ. ಮುಂದಿನ ರೇಸು ಇದ್ದರೆ, ಅದರ ಹಿಂದಿನ ರಾತ್ರಿ ಅತ್ತೆ ಮಲಗಿದ ಮೇಲೆ ನಾನೇ ಒಮ್ಮೆ ಶೆಡ್ಡಿಗೆ ಬಂದು ಈ ಬದಿಯ ಬಾನೆಟ್ ಎತ್ತಿ ನೋಡಿದರಾಯಿತು. ಬೆಲ್ಟು ಬಿಗಿದು, ಎಳೆದು ನೋಡಿ, ಶಾಂಪೂ ತೆಗೆದುಕೊಂಡು ಹೋಗಿ ಕೊಟ್ಟೆ.